ಮುನ್ನೂರೈವತ್ತು ಕಿಲೋಮೀಟರಿನಾಚೆಯ ಒಂದು ಗಾಳ

ನಮ್ಮ ಭಾವನವರಿಗೆ ತಲೆ ಕೆಟ್ಟಿದೆ ಎಂದು ನಾನು ಹೇಳುವುದಿಲ್ಲ. ಹಾಗೆ ಹೇಳಲು ನನ್ನ ಬಳಿ ಆಧಾರಗಳಿವೆ, ಸಾಕ್ಷಿಗಳಿದ್ದಾರೆ, ದಿನಾಂಕ ಹಾಕಿದ ಟಿಪ್ಪಣಿಯೂ ಇದೆ, ಆದರೂ ಹೇಳುವುದಿಲ್ಲ. ಇಷ್ಟು ಮಾತ್ರ ಹೇಳುತ್ತೇನೆ: ವಿಶಾಖಪಟ್ಟಣದಲ್ಲಿ, ಮಹಡಿ ಹತ್ತಿದರೆ ಸಮುದ್ರ ಕಾಣುವ ಮನೆಯಲ್ಲಿ ಇರುವ ಈ ಮನುಷ್ಯ, ಸಮುದ್ರದ ಮೀನು ಹಿಡಿಯುವ ಒಂದೇ ಒಂದು ಗಾಳ ಕೊಳ್ಳಲು ವಿಜಯವಾಡಕ್ಕೆ ಹೋಗುತ್ತಾರೆ. ರೈಲಿನಲ್ಲಿ. ಮುನ್ನೂರೈವತ್ತು ಕಿಲೋಮೀಟರ್. ವಿಜಯವಾಡದಲ್ಲಿ ಸಮುದ್ರವೇ ಇಲ್ಲ!

ಮೊದಲು ಸಂಬಂಧ ಸ್ಪಷ್ಟವಾಗಲಿ. ಅವರು ನನ್ನ ಹೆಂಡತಿಯ ಅಕ್ಕನ ಗಂಡ. ಪುಸ್ತಕದ ಕನ್ನಡದಲ್ಲಿ ಷಡ್ಡಕ. ತುಮಕೂರು ಕಡೆಯ ನಮ್ಮ ಬಾಯಲ್ಲಿ ಭಾವ. ಅವರು ಇಲ್ಲಿಯ ಸರ್ಕಾರಿ ಕಾರ್ಖಾನೆಯಲ್ಲಿ ಎಂಜಿನಿಯರ್ ಆಗಿದ್ದರು, ನಾನು ನೌಕಾಪಡೆಯ ಉಗ್ರಾಣದಲ್ಲಿದ್ದೆ. ಇಬ್ಬರೂ ನಿವೃತ್ತರಾಗಿ ಇದೇ ಊರಿನಲ್ಲಿ ಉಳಿದೆವು. ಹೋಲಿಕೆ ಅಲ್ಲಿಗೆ ಮುಗಿಯಿತು. ನಾನು ನಾಲ್ಕೂವರೆಗೆ ಏಳುತ್ತೇನೆ, ಐದಕ್ಕೆ ನಡೆಯುತ್ತೇನೆ, ಆರಕ್ಕೆ ಕಾಫಿ ಕುಡಿಯುತ್ತೇನೆ. ಭಾವ ಎದ್ದಾಗ ಅವರಿಗೆ ಬೆಳಗಾಗುತ್ತದೆ. ಅದು ಯಾವಾಗ ಎಂದು ಸೂರ್ಯನೂ ಹೇಳಲಾರ.

ಇನ್ನೊಂದು ಸಂಗತಿ. ಭಾವ ಮೀನು ತಿನ್ನುವುದಿಲ್ಲ. ಸೋಮವಾರ ಈರುಳ್ಳಿಯನ್ನೇ ಮುಟ್ಟದ ಮನೆತನ! ಭೀಮುನಿಪಟ್ಟಣದ ದಾರಿಯ ಬಂಡೆಗಳ ಮೇಲೆ ಕೂತು, ಗಾಳಕ್ಕೆ ರಾಗಿಮುದ್ದೆಯ ಉಂಡೆ ಸಿಕ್ಕಿಸಿ ನೀರಿಗೆ ಬಿಡುತ್ತಾರೆ. ಬಂಗಾಳಕೊಲ್ಲಿಯ ಮೀನಿಗೆ ತುಮಕೂರಿನ ರಾಗಿಮುದ್ದೆ! ತಿನ್ನಲು ಬರುವ ಮೀನುಗಳೂ ಇವೆ ಎನ್ನುವುದು ಇನ್ನೂ ಆಶ್ಚರ್ಯ. ಸಿಕ್ಕಿದ ಮೀನಿನ ಬಾಯಿಂದ ಗಾಳ ಬಿಡಿಸಿ, "ಹೋಗಪ್ಪ, ಮನೇಲಿ ಕಾಯ್ತಿರ್ತಾರೆ" ಎಂದು ವಾಪಸು ಬಿಟ್ಟುಬಿಡುತ್ತಾರೆ. ಹಾಗಾದರೆ ಹಿಡಿಯುವುದು ಯಾಕೆ ಎಂದು ಒಮ್ಮೆ ಕೇಳಿದೆ.

"ನೀವು ದಿನಾ ಬೆಳಿಗ್ಗೆ ಐದು ಕಿಲೋಮೀಟರ್ ನಡೆದು ಅದೇ ಮನೆಗೆ ವಾಪಸ್ ಬರ್ತೀರಲ್ಲ, ಅದು ಯಾಕೆ?" ಎಂದರು.

ಮರುದಿನವೂ ಐದು ಕಿಲೋಮೀಟರ್ ನಡೆದು ಅದೇ ಮನೆಗೆ ವಾಪಸು ಬಂದೆ.

ಭಾವನ ಜಾತಕದಲ್ಲಿ ಇಲ್ಲದ ಗ್ರಹವೆಂದರೆ ತಪ್ಪೊಪ್ಪಿಗೆ. ಸಂಸಾರ ಹೂಡಿ ನಲವತ್ತು ವರ್ಷವಾಯಿತು. "ತಪ್ಪು ನಂದು" ಎಂಬ ಎರಡು ಪದಗಳನ್ನು ಅಕ್ಕ ಅವರ ಬಾಯಿಂದ ಕೇಳಿಲ್ಲ. ಹಾಲು ಉಕ್ಕಿದರೆ ಪಾತ್ರೆಯ ವಿನ್ಯಾಸ ಸರಿಯಿಲ್ಲ. ಸ್ಕೂಟರು ಗೋಡೆಗೆ ಗುದ್ದಿದರೆ ಗೋಡೆ ನಕ್ಷೆಯ ಪ್ರಕಾರ ಕಟ್ಟಿಲ್ಲ. ಹೋದ ಸಲ ವಿಜಯವಾಡದಿಂದ ಬಂದು ರೈಲಿನಿಂದ ಇಳಿಯುವಾಗ ಬಿದ್ದು, ಮೊಳಕಾಲು ತರಚಿಕೊಂಡು, ಮೊಳಕೈ ಊದಿಸಿಕೊಂಡು ಮನೆಗೆ ಬಂದರಲ್ಲ, ಆಗಲೂ ಹಾಗೆಯೇ. "ಪ್ಲಾಟ್‌ಫಾರ್ಮಿನ ಎತ್ತರ ಸರಿಯಿಲ್ಲ" ಎಂದರು. ಅವತ್ತು ಅದೇ ಪ್ಲಾಟ್‌ಫಾರ್ಮಿನಲ್ಲಿ ಇಳಿದ ಸಾವಿರ ಜನ ಸುಮ್ಮನೆ ಮನೆಗೆ ಹೋಗಿದ್ದರು.

ಮರುದಿನ ಬೆಳಿಗ್ಗೆ ಅಕ್ಕ ನಮ್ಮ ಮನೆಗೆ ಬಂದರು. ನನ್ನ ಕಾಫಿಯ ಹೊತ್ತು. ಲೋಟ ಕೆಳಗಿಟ್ಟೆ; ಮುಖ ನೋಡಿದರೆ ಲೋಟ ಹಿಡಿದುಕೊಂಡು ಕೇಳುವ ವಿಷಯವಲ್ಲ ಎನ್ನಿಸಿತು.

"ನೋಡಿ, ನೀವು ಹಡಗಿಗೆ ಹಡಗನ್ನೇ ಸಾಮಾನು ತುಂಬಿ ಕಳಿಸಿದೋರು. ಇವರಿಗೆ ಬೇಕಾಗಿರೋ ಒಂದು ಕೊಕ್ಕೆ ಈ ಊರಲ್ಲಿ ಕೊಡಿಸೋಕಾಗಲ್ವಾ? ಎಪ್ಪತ್ತೊಂದು ವರ್ಷ ಕಣ್ರೀ ಅವರಿಗೆ. ಇದು ಬಿದ್ದು ಏಳೋ ವಯಸ್ಸಾ? ಇನ್ನೊಂದ್ಸಲ ವಿಜಯವಾಡ ಅಂದ್ರೆ ಆ ಗಾಳದ ಕೋಲನ್ನೇ ಮುರಿದು ಒಲೆಗೆ ಹಾಕ್ತೀನಿ."

"ನಿಮ್ಮದು ಗ್ಯಾಸ್ ಒಲೆ ಅಕ್ಕ."

"ಹಾಗಾದ್ರೆ ಸಿಂಹಾಚಲಂ ಹುಂಡಿಗೆ ಹಾಕ್ತೀನಿ!"

ಅಷ್ಟುದ್ದದ ಕೋಲು ಹುಂಡಿಯೊಳಗೆ ಹಿಡಿಯುವುದಿಲ್ಲ ಎಂದು ನಾನು ಹೇಳಲಿಲ್ಲ. ಅಕ್ಕನ ಕಣ್ಣು ತುಂಬಿತ್ತು. ಭಾವನ ವಿಜಯವಾಡ ಯಾತ್ರೆಯನ್ನು ನಿಲ್ಲಿಸುವ ಕೆಲಸ ಆ ಕ್ಷಣದಿಂದ ನನ್ನದಾಯಿತು. ಒಪ್ಪಿಕೊಂಡ ಕೆಲಸವನ್ನು ಮುಗಿಸದೆ ಬಿಟ್ಟು ನನಗೆ ಗೊತ್ತಿಲ್ಲ. ಎಷ್ಟು ಸುಲಭದ ಕೆಲಸ! ಗಾಳವೆಂದರೆ ಏನು? ಬಗ್ಗಿದ ತಂತಿ. ಇಂಥ ಲಕ್ಷ ಸಾಮಾನುಗಳನ್ನು ಕೈಯಲ್ಲಿ ಹಿಡಿದು ಎಣಿಸಿದವನು ನಾನು.

ಆ ಸಲ ತಂದ ಗಾಳವೂ ಕಳೆದುಹೋದಾಗ, ಮೊದಲ ಪ್ರಯತ್ನವಾಗಿ ಭಾವನನ್ನು ಮೀನುಗಾರಿಕೆ ಬಂದರಿನ ಬೀದಿಗೆ ಕರೆದುಕೊಂಡು ಹೋದೆ. ಅಲ್ಲಿ ಸಾಲು ಸಾಲು ಅಂಗಡಿಗಳು: ಬಲೆ, ಹಗ್ಗ, ಸೀಸದ ಗುಂಡು, ಗೋಡೆ ತುಂಬ ಗಾಳ. ದೋಣಿಯವರೆಲ್ಲ ಕೊಳ್ಳುವ ಜಾಗ. ಅಂಗಡಿಯವನು ತಲೆ ಎತ್ತದೆ, "ಎನ್ನಿ ಬಾಕ್ಸುಲು?" ಎಂದ. ಎಷ್ಟು ಡಬ್ಬಿ ಬೇಕು ಎಂದು.

"ಒಂದು" ಎಂದರು ಭಾವ.

"ಒಂದು ಬಾಕ್ಸಾ?"

"ಒಂದು ಗಾಳ."

ಅಂಗಡಿಯವನು ಈಗ ತಲೆ ಎತ್ತಿದ. ಪಕ್ಕದಲ್ಲಿ ಬಲೆ ತೂಗುತ್ತಿದ್ದವರು ತೂಗುವುದನ್ನು ನಿಲ್ಲಿಸಿದರು. ಭಾವ ಗಂಭೀರವಾಗಿ ಜೇಬಿನಿಂದ ಒಂದು ಬೆಂಕಿಪೊಟ್ಟಣ ತೆಗೆದು ಮುಂದಿಟ್ಟು ತೆರೆದರು. ಒಳಗೆ ಹತ್ತಿಯ ಮೇಲೆ, ಎರಡು ಬೆರಳುದ್ದದ ತುಂಡು ನೈಲಾನ್ ದಾರ. ಅದನ್ನು ಇಟ್ಟು, ವೈದ್ಯರ ಮುಂದೆ ಕೂತ ರೋಗಿಯಂತೆ ಕಾದರು. ಅಂಗಡಿಯವನು ದಾರ ನೋಡಿದ, ಭಾವನನ್ನು ನೋಡಿದ, ಕೊನೆಗೆ ನನ್ನನ್ನು ನೋಡಿದ. ಇವರ ಜೊತೆ ಬಂದ ಜವಾಬ್ದಾರಿಯುತ ವ್ಯಕ್ತಿ ನೀವೇ ತಾನೇ ಎಂಬ ನೋಟ. ಒಂದು ಗಾಳ ತೆಗೆದು, ದುಡ್ಡು ಬೇಡ, ತೆಗೆದುಕೊಂಡು ಹೋಗಿ ಎಂದ. ಭಾವ ಬೆಂಕಿಪೊಟ್ಟಣ ಮುಚ್ಚಿಕೊಂಡು ಹೊರಗೆ ನಡೆದರು.

"ಯಾಕೆ ಭಾವ? ಪುಕ್ಕಟೆ ಕೊಟ್ಟನಲ್ಲ!"

"ಅವನು ಏನೂ ಕೇಳಲೇ ಇಲ್ಲ."

"ಕೇಳಿದನಲ್ಲ, ಎಷ್ಟು ಬೇಕು ಅಂತ?"

"ಅದು ಕೇಳೋದಲ್ಲ" ಎಂದರು.

ಕೇಳುವುದು ಕೇಳುವುದಲ್ಲವಾದರೆ ಮತ್ತೇನು? ದಾರಿಯುದ್ದಕ್ಕೂ ಯೋಚಿಸಿದೆ. ಮನೆ ಬಂತು, ಅರ್ಥ ಬರಲಿಲ್ಲ.

ಎರಡನೆಯದು ಆನ್‌ಲೈನ್. ಫೋನಿನಲ್ಲಿ ಗಾಳ ಎಂದು ಹುಡುಕಿದರೆ ಗಾಳಗಳ ಮಹಾಸಾಗರವೇ ತೆರೆದುಕೊಂಡಿತು. ಪ್ರತಿಯೊಂದಕ್ಕೂ ನಂಬರು. ನಂಬರು ಕಂಡರೆ ನನಗೆ ತವರು ಕಂಡ ಹಾಗೆ. ದೊಡ್ಡ ಮೀನಿಗೆ ದೊಡ್ಡದು ಬೇಕು, ಆದ್ದರಿಂದ ಇಪ್ಪತ್ತನೆಯ ನಂಬರಿನದನ್ನು ನೂರು ತರಿಸಿದೆ. ಡಬ್ಬಿ ಬಂತು. ತೆರೆದರೆ ಖಾಲಿ! ಕನ್ನಡಕ ಹಾಕಿಕೊಂಡು ನೋಡಿದೆ. ಖಾಲಿಯಲ್ಲ, ಕಣ್ಣಿನ ರೆಪ್ಪೆಯ ಕೂದಲಿನಂಥವು ನೂರು ಇದ್ದವು. ಗಾಳದ ಲೋಕದಲ್ಲಿ ನಂಬರು ಏರಿದಷ್ಟೂ ಗಾಳ ಚಿಕ್ಕದಂತೆ. ನಂಬರು ಇಳಿಯುತ್ತ ಒಂದಕ್ಕೆ ಬಂದು ನಿಂತ ಮೇಲೆ ಪಕ್ಕದಲ್ಲಿ ಗೆರೆ ಎಳೆದು ಸೊನ್ನೆ ಸೇರಿಸಿ ಮತ್ತೆ ಎಣಿಸಲು ತೊಡಗುತ್ತಾರೆ. ಆಗ ಏರಿದಷ್ಟೂ ದೊಡ್ಡದಂತೆ! ಇದನ್ನು ಕಂಡುಹಿಡಿದವನು ನನ್ನ ಉಗ್ರಾಣದಲ್ಲಿ ಒಂದು ದಿನ ಕೆಲಸ ಮಾಡಿದ್ದರೆ ಸಾಯಂಕಾಲದೊಳಗೆ ಒಂದು ಹಡಗು ಮುಳುಗುತ್ತಿತ್ತು.

ಭಾವ ಡಬ್ಬಿಯನ್ನು ನೋಡಿ ನಗಲಿಲ್ಲ. ನನ್ನ ಫೋನು ತೆಗೆದುಕೊಂಡು ಮುಖಕ್ಕೆ ತೀರ ಹತ್ತಿರ ಹಿಡಿದು, ಕೊಂಡವರು ಬರೆದದ್ದನ್ನೆಲ್ಲ ಬಹಳ ಹೊತ್ತು ಓದಿದರು.

"ಇಷ್ಟು ಜನ ಚೆನ್ನಾಗಿದೆ ಅಂತ ಬರೆದಿದಾರೆ. ಒಬ್ಬನಾದ್ರೂ ತನ್ನ ಮೀನು ಹೇಗೆ ತಪ್ಪಿಸ್ಕೊಂಡಿತು ಅಂತ ಬರೆದಿದಾನಾ?"

"ಅದನ್ನ ಯಾಕೆ ಬರೀಬೇಕು ಭಾವ?"

"ಅದನ್ನ ಬರೀದೆ ಇದ್ರೆ ಕೊಳ್ಳೋದು ಹೇಗ್ರೀ?"

ತಲೆ ಕೆಟ್ಟದ್ದು ಯಾರಿಗೆ ಎಂದು ನನಗೇ ಅನುಮಾನ ಹುಟ್ಟಿತು. ಅಕ್ಕನಿಗೆ ವರದಿ ಒಪ್ಪಿಸಿದೆ: ಎರಡು ದಾಳಿಗಳೂ ವಿಫಲ, ಇನ್ನು ಸ್ಥಳ ಪರಿಶೀಲನೆಯೊಂದೇ ಮಾರ್ಗ, ನಾನೇ ಜೊತೆಗೆ ಹೋಗಿ ಆ ಅಂಗಡಿಯ ವಿಳಾಸ, ಫೋನ್ ನಂಬರು, ಮಾಲಿನ ವಿವರ ಎಲ್ಲ ಬರೆದುಕೊಂಡು ಬಂದರೆ ಮುಂದೆ ಅಂಚೆಯಲ್ಲಿ ತರಿಸಬಹುದು. "ಇದೇ ಕಡೇದು" ಎಂದು ಅಕ್ಕ ಒಪ್ಪಿದರು. ಭಾವನಿಗೆ ನಾನು ಬರುವುದು ಅಷ್ಟು ಇಷ್ಟವಿದ್ದ ಹಾಗೆ ಕಾಣಲಿಲ್ಲ. "ಅಲ್ಲಿ ನಿಮಗೇನೂ ಅರ್ಥ ಆಗಲ್ಲ" ಎಂದರು. ಅರ್ಥವಾಗದೆ ಇರುವುದು ನನಗೆ ಆಗಲೇ ಅಭ್ಯಾಸವಾಗಿಬಿಟ್ಟಿತ್ತು.

ಬೆಳಗಿನ ರೈಲು ಹಿಡಿದು ಮಧ್ಯಾಹ್ನ ವಿಜಯವಾಡದಲ್ಲಿ ಇಳಿದೆವು. ನಿಲ್ದಾಣದ ಮೇಲ್ಸೇತುವೆ ಇಳಿಯುವಾಗ ಭಾವ ಪಕ್ಕದ ಕಂಬಿಯನ್ನು ಬಲವಾಗಿ ಹಿಡಿದು ಒಂದೊಂದೇ ಮೆಟ್ಟಿಲು ಇಳಿಯುತ್ತಿದ್ದರು. ಮೊಳಕಾಲಿನ ನೋವು ಎಂದುಕೊಂಡು ತೋಳು ಹಿಡಿಯಲು ಹೋದೆ, ಕೊಡವಿಕೊಂಡರು. ಕೃಷ್ಣಾ ನದಿಯ ಕಡೆ ಹೋಗುತ್ತೇವೆ ಎಂದುಕೊಂಡರೆ ಆಟೋದವನಿಗೆ ಭಾವ ಹೇಳಿದ್ದು ಆಟೋನಗರ್!

ಆಟೋನಗರ್ ಎಂದರೆ ಲಾರಿಗಳ ಆಸ್ಪತ್ರೆ. ಒಂದು ಲಾರಿಗೆ ತಲೆಯಿಲ್ಲ, ಇನ್ನೊಂದಕ್ಕೆ ಕಾಲಿಲ್ಲ. ಎಲ್ಲೆಲ್ಲೂ ಸುತ್ತಿಗೆಯ ಸದ್ದು, ವೆಲ್ಡಿಂಗಿನ ಕಿಡಿ, ನೆಲವೆಲ್ಲ ಗ್ರೀಸು. ಇಂಥ ಕಡೆ ಮೀನಿನ ಗಾಳವೇ? ಭಾವ ಲಾರಿಯ ಪಟ್ಟೆ ಸ್ಪ್ರಿಂಗ್ ರಿಪೇರಿ ಮಾಡುವ ತಗಡಿನ ಶೆಡ್ಡೊಂದಕ್ಕೆ ನುಗ್ಗಿದರು. ಒಳಗೆ ಬನಿಯನ್ ತೊಟ್ಟ ಮುದುಕರೊಬ್ಬರು ಮೇಜಿನ ಹಿಂದೆ ಕೂತಿದ್ದರು. ಎಲ್ಲರೂ ಅವರನ್ನು ಬಾಬಾಯಿ, ಅಂದರೆ ಚಿಕ್ಕಪ್ಪ, ಎನ್ನುತ್ತಿದ್ದರು. ಮೇಜಿನಲ್ಲಿ ನಟ್ಟು ಬೋಲ್ಟಿನ ಖಾನೆಗಳು. ಆದರೆ ಖಾನೆಗಳ ತುಂಬ ಗಾಳ, ಬೆಂಡು, ಸೀಸ, ದಾರ. ಎದುರಿಗೆ ಹಳೆಯ ಟೈರುಗಳ ಮೇಲೆ ಮೂವರು ಸರದಿಯಲ್ಲಿ ಕೂತಿದ್ದರು. ನಾವಿಬ್ಬರೂ ನಾಲ್ಕನೆಯ ಟೈರಿನ ಮೇಲೆ ಕೂತೆವು. ನಾನು ನೋಟ್‌ಬುಕ್ ತೆಗೆದು ಪೆನ್ನಿನ ಮುಚ್ಚಳ ಬಿಚ್ಚಿದೆ.

ಮೊದಲ ಟೈರಿನವನು ಲಾರಿ ಡ್ರೈವರ್. ಬಾಬಾಯಿ ಅವನಿಗೆ ಏನು ಬೇಕು ಎಂದು ಕೇಳಲಿಲ್ಲ.

"ಪಾತ ಗಾಲಂ ಎಲಾ ಪೋಯಿಂದಿ?" ಎಂದರು. ಹಳೆಯ ಗಾಳ ಹೇಗೆ ಹೋಯಿತು?

ಡ್ರೈವರ್ ಎರಡು ಕೈಯನ್ನೂ ಅಗಲಿಸಿದ. "ಇಷ್ಟುದ್ದದ ಮೀನು ಬಾಬಾಯಿ! ಕೃಷ್ಣಮ್ಮನ ಆಣೆ! ಒಂದೇ ಏಟಿಗೆ ದಾರಾನೇ ಹರ್ಕೊಂಡು ಹೋಯ್ತು!"

ಬಾಬಾಯಿ ಕೈ ಚಾಚಿದರು. ಡ್ರೈವರ್ ಉಳಿದ ದಾರದ ತುದಿ ಕೊಟ್ಟ. ಮುದುಕರು ಅದನ್ನು ಬೆಳಕಿಗೆ ಹಿಡಿದರು. ತುದಿ ಹಂದಿಮರಿಯ ಬಾಲದ ಹಾಗೆ ಸುರುಳಿ ಸುತ್ತಿತ್ತು.

"ಇದು ಹರಿದದ್ದಲ್ಲ, ಗಂಟು ಜಾರಿದ್ದು. ಗಂಟು ಹಾಕುವಾಗ ಫೋನಲ್ಲಿ ಮಾತಾಡ್ತಿದ್ದೆಯಾ?"

"...ಹೆಂಡತಿ ಫೋನು ಬಾಬಾಯಿ."

ಶೆಡ್ಡು ಬಿರಿಯುವ ಹಾಗೆ ನಗು. ಸುಳ್ಳು ಹೇಳಿದ್ದಕ್ಕೆ ಡ್ರೈವರ್ ಕೊನೆಯ ಟೈರಿಗೆ ಹೋಗಿ ಮತ್ತೆ ಕೂರಬೇಕಾಯಿತು. ಅದು ಅಲ್ಲಿಯ ಶಿಕ್ಷೆಯಂತೆ. ಇನ್ನಿಬ್ಬರು ಬುದ್ಧಿವಂತರು, ನಿಜ ಹೇಳಿದರು. ಒಬ್ಬನ ದಾರ ಕಲ್ಲಿಗೆ ಉಜ್ಜಿ ಒರಟಾಗಿತ್ತು. ಅವನಿಗೆ ಗಟ್ಟಿ ದಾರ ಸಿಕ್ಕಿತು. ಇನ್ನೊಬ್ಬನದನ್ನು ಮೀನಿನ ಹಲ್ಲು ಕಡಿದಿತ್ತು. ಗಾಳದ ಜೊತೆ ಗೇಣುದ್ದ ತಂತಿ ಸಿಕ್ಕಿತು.

ನಾನು ನೋಟ್‌ಬುಕ್ ಹಿಡಿದವನು ಹಾಗೆಯೇ ಕೂತುಬಿಟ್ಟೆ. ಇದು ನನ್ನದೇ ಉಗ್ರಾಣದ ಕಾನೂನಲ್ಲವೇ! ಕಳೆದುಹೋದ ಸಾಮಾನಿಗೆ ಬದಲಿ ಬೇಕೆಂದರೆ, ಅದು ಹೇಗೆ ಕಳೆಯಿತು ಎಂದು ಮೊದಲು ಬರೆದುಕೊಡಬೇಕು. ಮೂವತ್ತು ವರ್ಷ ಅದನ್ನೇ ಕೇಳಿದ್ದೇನೆ. ಆದರೆ ನನ್ನ ಎದುರಿಗೆ ನಿಂತವರು ಹೆದರಿಕೊಂಡು ಹೇಳುತ್ತಿದ್ದರು. ಇಲ್ಲಿಯವರು ಹೇಳಿ ಮುಗಿಸಿ ನಗುತ್ತಿದ್ದರು. ಅಷ್ಟೇ ವ್ಯತ್ಯಾಸ. ಅಷ್ಟೇನಾ?

ಭಾವನ ಸರದಿ ಬಂತು. ಬೆಂಕಿಪೊಟ್ಟಣ ತೆರೆದು ಮೇಜಿನ ಮೇಲಿಟ್ಟರು. ಹೇಳಿ ಎಂದು ಬಾಬಾಯಿ ಕೈ ಚಾಚಿದರು.

"ಚೆಪ್ಪಂಡಿ ಸಾರ್. ಎಲಾ ಪೋಯಿಂದಿ?"

"ಕಲ್ಲು" ಎಂದರು ಭಾವ. "ಕಲ್ಲಿಗೆ ಸಿಕ್ಕಿಕೊಂಡಿತು. ಆ ಬಂಡೆಗಳ ಜೋಡಣೆಯೇ ಸರಿಯಿಲ್ಲ."

ಬಾಬಾಯಿ ದಾರವನ್ನು ಬೆಳಕಿಗೆ ಹಿಡಿದರು. ನನಗೂ ಕಾಣಿಸಿತು: ತುದಿ ನುಣ್ಣಗೆ, ನೇರವಾಗಿ, ಚಾಕುವಿನಿಂದ ಕೊಯ್ದ ಹಾಗೆ ಇತ್ತು. ಮುದುಕರು ದಾರವನ್ನು ಮೆಲ್ಲಗೆ ವಾಪಸು ಇಟ್ಟರು. ಭಾವ ಒಮ್ಮೆ ನನ್ನ ಕಡೆಗೆ ತಿರುಗಿದರು. ನೋಟ್‌ಬುಕ್ ಕಡೆಗೆ. ನಾನು ಅದನ್ನು ಮುಚ್ಚಿ ಜೇಬಿಗೆ ಹಾಕಿದೆ. ಎದ್ದು ಹೊರಗೆ ಹೋಗಬೇಕಾಗಿತ್ತು. ಅದು ಹೊಳೆಯುವುದರೊಳಗೆ ಭಾವ ತೆಲುಗಿನಲ್ಲಿ, ಮೇಜನ್ನು ನೋಡುತ್ತ ಹೇಳಿದರು:

"ಬೆಂಡು ಕನಿಪಿಂಚಲೇದು ಬಾಬಾಯಿ."

ಬೆಂಡು ಕಾಣಿಸಲಿಲ್ಲ. ನೀರಿನ ಮೇಲೆ ತೇಲುವ ಕೆಂಪು ಬೆಂಡು. ಮೀನು ಕಚ್ಚಿದರೆ ಅದು ಮುಳುಗಬೇಕು, ಇವರು ಎಳೆಯಬೇಕು. ಇಡೀ ಆಟ ನಿಂತಿರುವುದೇ ಅದರ ಮೇಲೆ.

"ಬೆಳಿಗ್ಗೆ ಹತ್ತು ಗಂಟೆ. ಒಳ್ಳೇ ಬಿಸಿಲು. ಮೀನು ಸಿಕ್ಕಿದೆ ಅಂತ ಗೊತ್ತಾಗಲಿಲ್ಲ, ಕಲ್ಲಿಗೆ ಸಿಕ್ಕಿದೆ ಅಂದುಕೊಂಡು ನಾನೇ ಚಾಕು ಹಾಕಿದೆ. ಆಮೇಲೆ ನೀರಲ್ಲಿ ಮೀನು ಒದ್ದಾಡಿದ ಸದ್ದು ಕೇಳಿಸಿತು." ಬೆಂಕಿಪೊಟ್ಟಣವನ್ನು ಮುಚ್ಚುತ್ತ, "ಕಣ್ಣಿಗೆ ಪಕ್ಕಗಳಿಂದ ಮಂಜು ಮುಚ್ಚಿಕೊಂಡು ಬರ್ತಾ ಇದೆ. ಹೋದ ವರ್ಷದಿಂದ. ತಪ್ಪು ನಂದು. ಯಾರಿಗೂ ಹೇಳಲಿಲ್ಲ" ಎಂದರು.

ಯಾರೂ ಅಯ್ಯೋ ಎನ್ನಲಿಲ್ಲ. ಯಾರೂ ಸಮಾಧಾನ ಹೇಳಲಿಲ್ಲ. ಬಾಬಾಯಿ ಒಂದು ಗಾಳ ತೆಗೆದಿಟ್ಟು, ಎದ್ದು ಕೆಳಗಿನ ಖಾನೆಯೊಂದನ್ನು ಎಳೆದು, ಬಟ್ಟೆಗೆ ಸಿಕ್ಕಿಸುವ ಕ್ಲಿಪ್ಪಿನಂಥ ಒಂದು ಸಾಮಾನು ತೆಗೆದರು. ಅದಕ್ಕೆ ಎರಡು ಪುಟ್ಟ ಗಂಟೆಗಳು. ಅದನ್ನು ತಮ್ಮ ಊರುಗೋಲಿನ ತುದಿಗೆ ಸಿಕ್ಕಿಸಿ ಬೆರಳಿನಿಂದ ಒಮ್ಮೆ ತಟ್ಟಿದರು. ಟಿಣ್ ಎಂದಿತು.

"ಕೋಲಿನ ತುದಿಗೆ ಹಾಕ್ಕೊಳ್ಳಿ ಸಾರ್. ಮೀನು ಕಚ್ಚಿದ್ರೆ ಹೇಳುತ್ತೆ. ಬೆಂಡು ಇನ್ನು ಬೇಡ."

ಕೊನೆಯ ಟೈರಿನಿಂದ ಡ್ರೈವರ್ ಕೂಗಿದ: "ಬಾಬಾಯಿ, ಹೆಂಡತಿ ಫೋನ್ ಮಾಡಿದ್ರೆ ಹೇಳೋ ಗಂಟೆ ಇದ್ರೆ ನನಗೂ ಒಂದು!" ಎಲ್ಲರಿಗಿಂತ ಜೋರಾಗಿ ನಕ್ಕವರು ಭಾವ.

ನಾನು ನಗಲಿಲ್ಲ. ಉಗ್ರಾಣದಲ್ಲಿ ಒಂದು ಮೊಳೆ ಕಡಿಮೆಯಾದರೆ ಬಾಗಿಲಲ್ಲೇ ಗುರುತಿಸುತ್ತಿದ್ದೆ ಎಂದು ಜಂಬ ಕೊಚ್ಚಿಕೊಂಡವನು ನಾನು. ಊಟಕ್ಕೆ ಕೂತಾಗ ಭಾವ ನೀರಿನ ಲೋಟಕ್ಕಾಗಿ ಕೈಯಾಡಿಸುತ್ತಿದ್ದುದನ್ನು ಎಷ್ಟು ಸಲ ನೋಡಿದ್ದೆ! ಅನ್ಯಮನಸ್ಕ ಎಂದು ಗೇಲಿ ಮಾಡಿದ್ದೆ.

ಹೊರಗೆ ಬಂದ ಮೇಲೆ ಭಾವ ಲಾರಿಯೊಂದರ ನೆರಳಿನಲ್ಲಿ ನಿಂತರು. "ಅವಳಿಗೆ ಹೇಳಬೇಡಿ. ಹೇಳಿದ್ರೆ ಮೊದಲು ಗಾಳ ಹೋಗುತ್ತೆ. ಆಮೇಲೆ ರೈಲು. ಆಮೇಲೆ ಮನೆ ಬಾಗಿಲು."

"ನೀವೇ ಹೇಳ್ತೀರಿ" ಎಂದೆ. "ಆದ್ರೆ ಮೊದಲು ಡಾಕ್ಟರು."

ಆ ರಾತ್ರಿ ಅಲ್ಲೇ ಉಳಿದು, ಮರುದಿನ ಬೆಳಿಗ್ಗೆ ವಿಜಯವಾಡದ ಕಣ್ಣಾಸ್ಪತ್ರೆಯ ಬಾಗಿಲು ತೆರೆಯುವ ಮುಂಚೆಯೇ ನಾವು ಬಾಗಿಲಲ್ಲಿದ್ದೆವು. ಈ ಒಂದು ವಿಷಯದಲ್ಲಿ ನನ್ನ ಶಿಸ್ತು ಕೆಲಸಕ್ಕೆ ಬಂತು. ಡಾಕ್ಟರಮ್ಮ ಯಂತ್ರದೊಳಗೆ ಬಹಳ ಹೊತ್ತು ನೋಡಿ, ಕಣ್ಣಿನ ಒಳಗಿನ ಒತ್ತಡ ಜಾಸ್ತಿಯಾಗಿದೆ ಎಂದರು. ಹೋದ ನೋಟ ಬರುವುದಿಲ್ಲ, ಇರುವುದನ್ನು ಉಳಿಸಿಕೊಳ್ಳಬಹುದು. ಬೆಳಿಗ್ಗೆ ಆರಕ್ಕೆ ಒಂದು ಹನಿ, ಸಾಯಂಕಾಲ ಆರಕ್ಕೆ ಒಂದು ಹನಿ, ಒಂದು ದಿನವೂ ತಪ್ಪಬಾರದು. ಭಾವ ಬೆಪ್ಪಾಗಿ ನನ್ನ ಕಡೆ ನೋಡಿದರು. ಬೆಳಿಗ್ಗೆ ಆರು ಗಂಟೆ ಎಂಬುದನ್ನು ಅವರು ಕೇಳಿ ತಿಳಿದಿದ್ದರೇ ಹೊರತು ಕಂಡಿರಲಿಲ್ಲ.

"ನಾನು ಬಂದು ಹಾಕ್ತೀನಿ" ಎಂದೆ. "ನನ್ನ ಕಾಫಿ ಇನ್ನು ನಿಮ್ಮ ಮನೇಲಿ."

ವಾಪಸು ರೈಲು ಹಿಡಿದೆವು. ತುನಿ ನಿಲ್ದಾಣ ದಾಟಿದ ಮೇಲೆ ಭಾವ, "ಅವಳು ಬೇಡ ಅಂದ್ರೆ?" ಎಂದರು.

"ಬಂಡೆಗೆ ನಾನೂ ಬರ್ತೀನಿ. ವಿಜಯವಾಡಕ್ಕೂ ಬರ್ತೀನಿ. ಹಾಗಂತ ಅಕ್ಕನಿಗೆ ಹೇಳ್ತೀನಿ."

"ನೀವು ಬಂದ್ರೆ ಮೀನು ಅಟೆನ್ಷನ್‌ನಲ್ಲಿ ನಿಂತ್ಕೊಂಡ್ಬಿಡುತ್ತೆ ಕಣ್ರೀ" ಎಂದು ಕಿಟಕಿಯ ಕಡೆಗೆ ತಿರುಗಿದರು.

ವಿಶಾಖಪಟ್ಟಣ ಮುಟ್ಟಿದಾಗ ಮುಸ್ಸಂಜೆ. ದೀಪ ಹತ್ತಿರಲಿಲ್ಲ, ಬೆಳಕೂ ಉಳಿದಿರಲಿಲ್ಲ. ಭಾವ ಬೋಗಿಯ ಬಾಗಿಲಿಗೆ ಹೋಗಿ ನಿಂತರು, ನಾನು ಬೆನ್ನ ಹಿಂದೆ. ಅವರ ಬಲಗಾಲು ಮುಂದೆ ಹೋಯಿತು, ಗಾಳಿಯಲ್ಲಿ ಏನನ್ನೋ ತಡವಿತು, ವಾಪಸು ಬಂತು. ಇನ್ನೊಮ್ಮೆ ಹೋಯಿತು, ವಾಪಸು ಬಂತು. ನಮ್ಮ ಹಿಂದೆ ಜನ. "ದಿಗಂಡಿ ಸಾರ್, ದಿಗಂಡಿ!" ಇಳಿಯಿರಿ ಎಂದು ಯಾರೋ ಅವಸರಪಡಿಸಿದರು. ತೋಳು ಹಿಡಿದರೆ ಕೊಡವಿಕೊಳ್ಳುತ್ತಾರೆ, ಹಿಡಿಯದಿದ್ದರೆ ಬೀಳುತ್ತಾರೆ. ಇಂಥ ಹೊತ್ತಿನಲ್ಲಿ ಏನು ಮಾಡಬೇಕೆಂದು ಯಾವ ಕಾನೂನು ಪುಸ್ತಕದಲ್ಲೂ ನಾನು ಓದಿರಲಿಲ್ಲ.

ಜೀವಮಾನದಲ್ಲಿ ಸುಳ್ಳು ವರದಿ ಕೊಟ್ಟವನಲ್ಲ ನಾನು. ಅವರ ಪಕ್ಕಕ್ಕೆ ನುಸುಳಿ, "ಭಾವ, ನನಗೆ ಮೆಟ್ಟಿಲು ಸರಿಯಾಗಿ ಕಾಣ್ತಿಲ್ಲ. ಒಂದು ಕೈ ಕೊಡಿ" ಎಂದೆ.

ಅವರು ತಟ್ಟನೆ ನನ್ನ ಮಣಿಕಟ್ಟು ಹಿಡಿದರು. ಬಿಗಿಯಾಗಿ.

"ನಿಧಾನ, ನಿಧಾನ" ಎಂದು ನನಗೆ ಧೈರ್ಯ ಹೇಳಿದರು. "ನಾನಿದೀನಲ್ಲ."

ನಾನು ಒಂದು ಮೆಟ್ಟಿಲು ಇಳಿದೆ, ಅವರೂ ಇಳಿದರು. ಇನ್ನೊಂದು ಇಳಿದೆ, ಅವರೂ ಇಳಿದರು. ನೆಲ ಸಿಕ್ಕಿತು. ಜನ ನಮ್ಮನ್ನು ದಾಟಿಕೊಂಡು ಹೋದರು. ಆಟೋ ಸಿಗುವವರೆಗೂ ಅವರು ಕೈ ಬಿಡಲಿಲ್ಲ. ನಾನೂ ಬಿಡಿ ಎನ್ನಲಿಲ್ಲ.